ಪ್ಲಾಸ್ಟಿಕ್ ಡೇರೆಯೊಳಗೂ ಬಂದ ಸೋಂಕು

ಹಾಸಿಗೆಯ ಸುತ್ತ ಪಾರದರ್ಶಕ ಪ್ಲಾಸ್ಟಿಕ್ಕಿನ ಡೇರೆ. ಒಳಗೆ ಹೋಗುವ ಗಾಳಿ ಸೋಸಿದ್ದು. ಊಟ, ನೀರು, ಹೊದಿಕೆ ಎಲ್ಲವೂ ಕ್ರಿಮಿಶುದ್ಧಗೊಂಡ ಮೇಲೆಯೇ ಒಳಗೆ ಹೋಗಬೇಕು. ನರ್ಸ್ ರೋಗಿಯನ್ನು ನೇರವಾಗಿ ಮುಟ್ಟುವಂತಿಲ್ಲ. ಡೇರೆಯ ಗೋಡೆಗೇ ಅಂಟಿಸಿದ ಉದ್ದನೆಯ ಕೈಗವಸುಗಳೊಳಗೆ ಹೊರಗಿನಿಂದ ಕೈ ತೂರಿಸಿ ಕೆಲಸ ಮಾಡಬೇಕು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ರಕ್ತ ಕ್ಯಾನ್ಸರ್ ರೋಗಿಗಳು ಇಂಥ ಡೇರೆಗಳಲ್ಲಿ ವಾರಗಟ್ಟಲೆ ಕಳೆದರು. ಅದಕ್ಕೆ ಇಟ್ಟ ಹೆಸರು 'ಲೈಫ್ ಐಲ್ಯಾಂಡ್', ಅಂದರೆ ಜೀವದ್ವೀಪ.

ಅಷ್ಟೆಲ್ಲ ಕಾವಲಿದ್ದರೂ ಕೆಲವರಿಗೆ ಜ್ವರ ಬಂತು. ರಕ್ತದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಗಾಳಿಯಿಂದ ಬರಲಿಲ್ಲ, ಅನ್ನದಿಂದ ಬರಲಿಲ್ಲ, ನರ್ಸಿನ ಕೈಯಿಂದಲೂ ಬರಲಿಲ್ಲ. ಮತ್ತೆ ಎಲ್ಲಿಂದ ಬಂತು?

ಉತ್ತರ ರೋಗಿಯ ಹೊಟ್ಟೆಯಲ್ಲೇ ಇತ್ತು. ಅದನ್ನು ಒಪ್ಪಿಕೊಳ್ಳಲು ವೈದ್ಯರಿಗೆ ಕೆಲವು ವರ್ಷ ಹಿಡಿಯಿತು. ಒಪ್ಪಿಕೊಂಡ ಮೇಲೆ ಅದಕ್ಕೆ ಸರಿಯಾದ ಮದ್ದು ಯಾವುದೆಂದು ತಿಳಿಯಲು ಇನ್ನೂ ಹಲವು ದಶಕಗಳು ಬೇಕಾದವು. ಆ ಹುಡುಕಾಟ ಇಂದಿಗೂ ಮುಗಿದಿಲ್ಲ.

ಕಥೆ ಶುರುವಾಗುವುದು 1947ರಲ್ಲಿ, ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ. ಲ್ಯುಕೇಮಿಯ ಎಂದು ಗೊತ್ತಾದ ಮಗು ಆ ಕಾಲದಲ್ಲಿ ಕೆಲವು ತಿಂಗಳು, ಕೆಲವೊಮ್ಮೆ ಕೆಲವೇ ವಾರ ಬದುಕುತ್ತಿತ್ತು. ಡಾ. ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧವನ್ನು ಅಂಥ ಮಕ್ಕಳಿಗೆ ಕೊಟ್ಟು ನೋಡಿದರು. 1948ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 16 ಮಕ್ಕಳ ವಿವರವಿತ್ತು. ಅವರಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡಿದ್ದರು. ಆ ಚೇತರಿಕೆ ಹೆಚ್ಚು ದಿನ ನಿಲ್ಲಲಿಲ್ಲ. ಆದರೆ ಔಷಧದಿಂದ ಲ್ಯುಕೇಮಿಯ ಹಿಮ್ಮೆಟ್ಟುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು ಆಗಲೇ.

ಆ ಔಷಧದ ಹಿಂದೆ ಇದ್ದವರು ಒಬ್ಬ ಭಾರತೀಯ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಆಗ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನಾ ಮುಖ್ಯಸ್ಥರಾಗಿದ್ದರು. ಅಮಿನಾಪ್ಟೆರಿನ್ ತಯಾರಾದದ್ದು ಅವರ ತಂಡದಲ್ಲಿ. ಅದೇ ಲೆಡರ್ಲೆಯಿಂದ 1948ರಲ್ಲಿ ಇನ್ನೊಂದು ಔಷಧವೂ ಹೊರಬಂತು. ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ತೆಗೆದ, ಚಿನ್ನದ ಬಣ್ಣದ ಆರಿಯೋಮೈಸಿನ್ ಅದು. ಟೆಟ್ರಾಸೈಕ್ಲಿನ್ ವರ್ಗದ ಆಂಟಿಬಯೋಟಿಕ್‌ಗಳಲ್ಲಿ ಮೊದಲನೆಯದು. ಲ್ಯುಕೇಮಿಯವನ್ನು ತಡೆಯುವ ಮದ್ದು, ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದು ಎರಡೂ ಒಂದೇ ಮನೆಯ ಕೂಸುಗಳು. ಮುಂದೆ ಮಕ್ಕಳ ಕ್ಯಾನ್ಸರ್ ವಾರ್ಡುಗಳಲ್ಲಿ ಈ ಎರಡು ಬಗೆಯ ಮದ್ದುಗಳು ಜೊತೆಜೊತೆಯಾಗಿ ಮಾಡಿದ ಉಪಕಾರವೂ ಅಪಕಾರವೂ ಈ ಕಥೆಯುದ್ದಕ್ಕೂ ಕಾಣುತ್ತದೆ. ಸುಬ್ಬರಾವ್ ಅದನ್ನು ನೋಡಲು ಉಳಿಯಲಿಲ್ಲ. 1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಲ್ಯುಕೇಮಿಯ ಇರುವ ಮಗುವಿಗೆ ಸೋಂಕು ಏಕೆ ಇಷ್ಟು ಸುಲಭವಾಗಿ ತಗಲುತ್ತದೆ? ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಲ್ಯುಕೇಮಿಯದಲ್ಲಿ ಆ ಮಜ್ಜೆಯ ತುಂಬ ಬಲಿಯದ, ಕೆಲಸಕ್ಕೆ ಬಾರದ ಬಿಳಿ ಕಣಗಳು ತುಂಬಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಿಗೆ ಜಾಗವೇ ಇರುವುದಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ವೇಗವಾಗಿ ಬೆಳೆಯುವ ಜೀವಕೋಶಗಳನ್ನೆಲ್ಲ ಕೊಲ್ಲುವುದು ಕೀಮೋಥೆರಪಿ ಔಷಧಗಳ ಗುಣ. ಕ್ಯಾನ್ಸರ್ ಕಣ ಯಾವುದು, ಒಳ್ಳೆಯ ಕಣ ಯಾವುದು ಎಂಬ ಭೇದ ಅವಕ್ಕೆ ಅಷ್ಟಾಗಿ ಇಲ್ಲ. ದೇಹದಲ್ಲಿ ಅತ್ಯಂತ ವೇಗವಾಗಿ ಹೊಸದಾಗುತ್ತಿರುವ ಭಾಗಗಳಲ್ಲಿ ಕರುಳಿನ ಒಳಪದರವೂ ಒಂದು. ಕೆಲವೇ ದಿನಗಳಿಗೊಮ್ಮೆ ಅದರ ಕೋಶಗಳು ಬದಲಾಗುತ್ತವೆ. ಕೀಮೋಥೆರಪಿ ಆ ಕೆಲಸವನ್ನೂ ನಿಲ್ಲಿಸುತ್ತದೆ. ಒಳಗೋಡೆ ಅಲ್ಲಲ್ಲಿ ಹುಣ್ಣಾಗುತ್ತದೆ. ಗೋಡೆಯ ಆಚೆ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ, ಈಚೆ ಕಾವಲು ಕಾಯಲು ಯಾರೂ ಇಲ್ಲದ ರಕ್ತ.

ಬೆಥೆಸ್ಡಾದ ಸಂಸ್ಥೆಯಲ್ಲಿ 1954ರಿಂದ 1963ರವರೆಗೆ ಸಾವಿಗೀಡಾದ 414 ಲ್ಯುಕೇಮಿಯ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ವರದಿ 1965ರಲ್ಲಿ ಬಂತು. ಶೇಕಡ 70ರಷ್ಟು ಸಾವುಗಳಲ್ಲಿ ಸೋಂಕಿನ ಪಾತ್ರವಿತ್ತು. ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದಾಗುವ ಸಾವುಗಳು ಹೊಸ ಔಷಧಗಳಿಂದ ಇಳಿದಿದ್ದವು; ಆದರೆ ಆ ಜಾಗಕ್ಕೆ ಕರುಳಿನಲ್ಲಿ ನೆಲೆಸುವಂಥ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಬಂದು ಕುಳಿತಿದ್ದವು. ಮರುವರ್ಷ, 1966ರಲ್ಲಿ, ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು 52 ರೋಗಿಗಳ ಬಿಳಿ ಕಣಗಳನ್ನು ದಿನದಿನವೂ ಎಣಿಸಿಟ್ಟ ಲೆಕ್ಕವನ್ನು ಪ್ರಕಟಿಸಿದರು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆ 1000ಕ್ಕಿಂತ ಕೆಳಗಿಳಿದಂತೆ ಸೋಂಕು ಏರುತ್ತದೆ, 100ಕ್ಕಿಂತ ಕೆಳಗೆ ಹೋದರೆ ಅಪಾಯ ಬಹಳ ಹೆಚ್ಚು. ಎಷ್ಟು ದಿನ ಹಾಗೆಯೇ ಉಳಿಯುತ್ತದೆ ಎಂಬುದೂ ಮುಖ್ಯ. ಇಂದಿಗೂ ಯಾವ ಕ್ಯಾನ್ಸರ್ ವಾರ್ಡಿಗೆ ಹೋದರೂ ಬೆಳಗಿನ ರಕ್ತ ಪರೀಕ್ಷೆಯ ಚೀಟಿಯಲ್ಲಿ ತಾಯಂದಿರು ಮೊದಲು ಹುಡುಕುವ ಅಂಕಿ ಇದೇ.

ಈ ಲೆಕ್ಕ ಸಿಕ್ಕ ಮೇಲೆ ಗೋಡೆ ಕಟ್ಟುವ ಉತ್ಸಾಹ ಹೆಚ್ಚಿತು. ಪ್ಲಾಸ್ಟಿಕ್ ಡೇರೆಯ ಬದಲು ಇಡೀ ಕೋಣೆಗಳೇ ಬಂದವು. ಅಣ್ವಸ್ತ್ರದ ಬಿಡಿಭಾಗಗಳನ್ನು ದೂಳಿಲ್ಲದ ಜಾಗದಲ್ಲಿ ಜೋಡಿಸಲೆಂದು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಶುದ್ಧ ಗಾಳಿಯ ಕೋಣೆ, ಆ ದಶಕ ಮುಗಿಯುವ ಹೊತ್ತಿಗೆ ಕ್ಯಾನ್ಸರ್ ಆಸ್ಪತ್ರೆಗೆ ಬಂದಿತ್ತು. ಬಾಂಬಿಗೆಂದು ಮಾಡಿದ್ದು ರೋಗಿಗಳಿಗೂ ಒದಗಿತು.

ಆದರೆ ಸೋಂಕಿನ ಮೂಲ ಬೇರೆಯೇ ಆಗಿತ್ತು. ಬಾಲ್ಟಿಮೋರ್‌ನ ಸ್ಟೀಫನ್ ಶಿಂಫ್ ಮತ್ತು ಸಹೋದ್ಯೋಗಿಗಳು ಲ್ಯುಕೇಮಿಯ ಇದ್ದ ವಯಸ್ಕ ರೋಗಿಗಳ ಮೂಗು, ಗಂಟಲು, ಮಲ ಎಲ್ಲವನ್ನೂ ಪದೇಪದೇ ಪರೀಕ್ಷಿಸಿ 1972ರಲ್ಲಿ ವರದಿ ಮಾಡಿದರು. ಸೋಂಕು ತಂದ ಬ್ಯಾಕ್ಟೀರಿಯಾ ಬಹುಪಾಲು ರೋಗಿಗಳಲ್ಲಿ ಅದಕ್ಕೆ ಮೊದಲೇ ಅವರ ಮೈಯಲ್ಲೇ ನೆಲೆಸಿತ್ತು. ಆದರೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಮನೆಯಿಂದ ತಂದವಲ್ಲ, ಆಸ್ಪತ್ರೆಗೆ ಸೇರಿದ ಮೇಲೆ ಬಂದು ಸೇರಿಕೊಂಡವು. ಅಂದರೆ ಆಸ್ಪತ್ರೆಯ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೆ ನುಗ್ಗುತ್ತಿರಲಿಲ್ಲ. ಮೊದಲು ಕರುಳಿನಂಥ ಜಾಗದಲ್ಲಿ ಬಿಡಾರ ಹೂಡಿ, ಬಿಳಿ ಕಣಗಳು ಇಳಿದ ದಿನ ನೋಡಿಕೊಂಡು ಒಳಗೆ ಇಳಿಯುತ್ತಿತ್ತು. ಮಕ್ಕಳ ಶವಪರೀಕ್ಷೆಗಳಲ್ಲೂ ಇದಕ್ಕೆ ಪುರಾವೆ ಇತ್ತು. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವಲ್ಲಿರುವ ಚೀಲದಂಥ ಭಾಗ ಊದಿಕೊಂಡು ಕೊಳೆಯುವ 'ಟಿಫ್ಲೈಟಿಸ್' ಎಂಬ ತೊಡಕನ್ನು 1970ರಲ್ಲಿ ಲ್ಯುಕೇಮಿಯದ ಮಕ್ಕಳಲ್ಲಿ ವಿವರಿಸಲಾಗಿತ್ತು.

ಶತ್ರು ಕರುಳಿನಲ್ಲಿದ್ದರೆ ಕರುಳನ್ನೇ ತೊಳೆದುಬಿಡೋಣ ಎಂಬುದು ಆ ಕಾಲದ ಸಹಜ ತರ್ಕ. ಜೆಂಟಾಮೈಸಿನ್, ವ್ಯಾಂಕೊಮೈಸಿನ್, ನಿಸ್ಟಾಟಿನ್‌ನಂಥ, ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುವ ಔಷಧಗಳನ್ನು ಬೆರೆಸಿ ದಿನಕ್ಕೆ ಹಲವು ಸಲ ಕುಡಿಸಿದರು. ಅವುಗಳ ರುಚಿ ಬಹಳ ಕೆಟ್ಟದ್ದು. ಬಾಯಿಯ ತುಂಬ ಹುಣ್ಣಾಗಿ ನೀರು ನುಂಗಲೂ ಅಳುವ ರೋಗಿಗೆ ಅದನ್ನು ವಾರಗಟ್ಟಲೆ ಕುಡಿಸುವುದು ಎಂಥ ಪಾಡು ಎಂಬುದನ್ನು ಊಹಿಸಬಹುದು. ಅನೇಕರು ನಡುವೆಯೇ ಬಿಟ್ಟರು. ಬಿಟ್ಟಾಗಲೇ ದೊಡ್ಡ ಆಪತ್ತು ಕಾದಿರುತ್ತಿತ್ತು: ಖಾಲಿಯಾದ ಕರುಳಿಗೆ ಮೊದಲು ನುಗ್ಗುತ್ತಿದ್ದುದು ಅಪಾಯಕಾರಿ ಬ್ಯಾಕ್ಟೀರಿಯಾಗಳೇ. ಶುದ್ಧ ಗಾಳಿಯ ಕೋಣೆ ಮತ್ತು ಈ ಔಷಧ ಎರಡನ್ನೂ ಸೇರಿಸಿದಾಗ ಸೋಂಕು ಕಡಿಮೆಯಾಯಿತು, ನಿಜ. ಆದರೆ ಖರ್ಚು ಮತ್ತು ಹಿಂಸೆಗೆ ತಕ್ಕಷ್ಟು ಜೀವಗಳು ಉಳಿದಂತೆ ಕಾಣಲಿಲ್ಲ.

ಕರುಳನ್ನು ಖಾಲಿ ಮಾಡುವುದರಲ್ಲಿ ಅಪಾಯವಿದೆ ಎಂಬ ಸುಳಿವು ಇದಕ್ಕೆ ಎಷ್ಟೋ ಮೊದಲೇ ಸಿಕ್ಕಿತ್ತು. ಕ್ಯಾನ್ಸರ್ ವೈದ್ಯರಲ್ಲಿ ಹೆಚ್ಚಿನವರು ಅತ್ತ ನೋಡಲಿಲ್ಲ ಅಷ್ಟೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಿ. ಫಿಲಿಪ್ ಮಿಲ್ಲರ್ ಎಂಬ ವೈದ್ಯರು, ಅಣುಬಾಂಬಿನ ನಂತರದ ವರ್ಷಗಳಲ್ಲಿ, ವಿಕಿರಣಕ್ಕೆ ಒಡ್ಡಿದ ಇಲಿಗಳು ಸಾಯುವುದು ಹೇಗೆಂದು ಪರಿಶೀಲಿಸುತ್ತಿದ್ದರು. ಸತ್ತ ಇಲಿಗಳ ರಕ್ತದಲ್ಲಿ ಅವುಗಳ ಕರುಳಿನದೇ ಬ್ಯಾಕ್ಟೀರಿಯಾ ಸಿಕ್ಕಿತ್ತು. ಆಮೇಲೆ ಮಾರ್ಜರಿ ಬಾನ್‌ಹಾಫ್ ಮತ್ತು ಮಿಲ್ಲರ್ ಇನ್ನೊಂದು ಪ್ರಯೋಗ ಮಾಡಿದರು. ಆರೋಗ್ಯವಂತ ಇಲಿಗೆ ಹೊಟ್ಟೆಯ ಮೂಲಕ ಸಾಲ್ಮೊನೆಲ್ಲ ಸೋಂಕು ತಗಲಿಸಲು ಸುಮಾರು 1 ಲಕ್ಷ ಬ್ಯಾಕ್ಟೀರಿಯಾ ಬೇಕಾಗುತ್ತಿತ್ತು. ಒಂದೇ ಒಂದು ಸಲ ಸ್ಟ್ರೆಪ್ಟೊಮೈಸಿನ್ ಕುಡಿಸಿದ ಇಲಿಗೆ 10ಕ್ಕಿಂತ ಕಡಿಮೆ ಸಾಕಾಯಿತು. ಈ ಸರಣಿಯ ಮೊದಲ ವರದಿ 1954ರಲ್ಲೇ ಅಚ್ಚಾಗಿತ್ತು. ಇಲಿಯ ಕರುಳಿನಲ್ಲಿ ಯಾರೋ ಕಾವಲಿದ್ದರು. ಆಂಟಿಬಯೋಟಿಕ್ ಅವರನ್ನು ಕೊಂದಿತ್ತು.

ಆ ಕಾವಲಿಗೆ ಹೆಸರಿಟ್ಟವರು ಹಾಲೆಂಡಿನ ರೈಸ್‌ವೈಕ್‌ನ ವಿಕಿರಣ ಜೀವಶಾಸ್ತ್ರ ಸಂಸ್ಥೆಯಲ್ಲಿದ್ದ ಡರ್ಕ್ ವಾನ್ ಡರ್ ವಾಯ್. 1971ರಲ್ಲಿ ಅವರ ತಂಡ, ಕರುಳಿನಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು ಹೊಸಬರಿಗೆ ತಾವು ಕೊಡದಿರುವ ಈ ಶಕ್ತಿಯನ್ನು ಅಳೆದು ತೋರಿಸಿತು. ಕನ್ನಡದಲ್ಲಿ 'ನೆಲೆ ನಿರೋಧ' ಎನ್ನಬಹುದು. ಬಸ್ಸಿನಲ್ಲಿ ಸೀಟೆಲ್ಲ ಭರ್ತಿಯಾಗಿದ್ದರೆ ಹೊಸದಾಗಿ ಹತ್ತಿದವನು ಎಷ್ಟೇ ಜೋರು ಮಾಡಿದರೂ ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾಗುತ್ತದಲ್ಲ, ಹಾಗೆ. ಅಲ್ಲಿ ಸೀಟು ಹಿಡಿದಿರುವವರು ಮುಖ್ಯವಾಗಿ ಆಮ್ಲಜನಕ ಸೋಕಿದರೆ ಬದುಕದ ಬ್ಯಾಕ್ಟೀರಿಯಾಗಳು. ಕರುಳಿನಲ್ಲಿ ಅವುಗಳದೇ ಬಹುಮತ, ರೋಗ ತರುವುದು ಮಾತ್ರ ಅಪರೂಪ. ಅವು ಆಹಾರಾಂಶವನ್ನು ಇತರರಿಗೆ ಬಿಡದೆ ತಿನ್ನುತ್ತವೆ, ಹುಳಿ ಪದಾರ್ಥಗಳನ್ನು ಸ್ರವಿಸುತ್ತವೆ, ಪಿತ್ತರಸವನ್ನು ಬೇರೆಯವರಿಗೆ ಒಗ್ಗದಂತೆ ಬದಲಿಸುತ್ತವೆ, ಕರುಳಿನ ಗೋಡೆಯಿಂದಲೇ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳು ಹೊರಡುವಂತೆ ಮಾಡುತ್ತವೆ. ಈ ವಿವರಗಳಲ್ಲಿ ಹೆಚ್ಚಿನವು ಗೊತ್ತಾದದ್ದು ಬಹಳ ತಡವಾಗಿ. ವಾನ್ ಡರ್ ವಾಯ್ ಹೇಳಿದ್ದು ಸರಳವಾಗಿತ್ತು: ಕರುಳನ್ನು ಪೂರ್ತಿ ತೊಳೆಯಬೇಡಿ, ಅಪಾಯಕಾರಿಗಳನ್ನು ಮಾತ್ರ ಕೊಂದು, ಈ ನೆಲೆಸಿದವರನ್ನು ಬಿಡುವ ಔಷಧ ಆರಿಸಿಕೊಳ್ಳಿ.

ಅಂಥ ಒಂದು ಔಷಧ ಮಕ್ಕಳಿಗೆ ಸಿಕ್ಕಿದ್ದು ಮಾತ್ರ ಬೇರೊಂದು ದಾರಿಯಿಂದ. ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜ್ಯೂಡ್ ಆಸ್ಪತ್ರೆ 1962ರಲ್ಲಿ ಬಾಗಿಲು ತೆರೆದಿತ್ತು. ಅದರ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ, ಹಂತಹಂತವಾಗಿ ಕೊಟ್ಟು ಮಕ್ಕಳ ಲ್ಯುಕೇಮಿಯವನ್ನು ಪೂರ್ತಿ ಗುಣಪಡಿಸುವ ಹಟ ತೊಟ್ಟವರು. ಆ ಚಿಕಿತ್ಸೆಯಿಂದ ಕ್ಯಾನ್ಸರ್ ಹಿಮ್ಮೆಟ್ಟಿದ ಮಕ್ಕಳೂ ನ್ಯುಮೊಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕಿಗೆ ಬಲಿಯಾಗುತ್ತಿದ್ದರು. ಅಲ್ಲಿಯ ವಾಲ್ಟರ್ ಹ್ಯೂಸ್ 160 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೋ-ಟ್ರೈಮಾಕ್ಸಜೋಲ್, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಔಷಧವಿಲ್ಲದ 80 ಮಂದಿಯಲ್ಲಿ 17 ಮಂದಿಗೆ ಸೋಂಕು ಬಂತು. ಔಷಧ ಪಡೆದ 80 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ವರ್ಷ 1977. ನಮ್ಮ ಔಷಧದಂಗಡಿಗಳಲ್ಲಿ ಸೆಪ್ಟ್ರಾನ್ ಎಂದು ಪರಿಚಿತವಾದ ಮದ್ದೇ ಇದು. ಬೇರೆ ಬ್ಯಾಕ್ಟೀರಿಯಾ ಸೋಂಕುಗಳೂ ಈ ಗುಂಪಿನಲ್ಲಿ ಕಡಿಮೆ ಇದ್ದವು. ಕರುಳಿನ ಬಹುಮತದವರನ್ನು ಅದು ಹೆಚ್ಚಾಗಿ ಮುಟ್ಟುವುದಿಲ್ಲ ಎಂಬುದು ಅದರ ಇನ್ನೊಂದು ಗುಣ. ರಕ್ತ ಕ್ಯಾನ್ಸರಿನ ಮಕ್ಕಳು ಇವತ್ತಿಗೂ ವಾರಕ್ಕೆ ಎರಡು ಮೂರು ದಿನ ಅದನ್ನು ನುಂಗುತ್ತಾರೆ.

ಜ್ವರ ಬಂದಾಗ ಏನು ಮಾಡಬೇಕೆಂಬುದೂ ಈ ಹೊತ್ತಿಗೆ ಇತ್ಯರ್ಥವಾಗಿತ್ತು. ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯುವಷ್ಟರಲ್ಲಿ ರೋಗಿ ಸಾಯುತ್ತಾನೆ. ಆದ್ದರಿಂದ ಜ್ವರ ಕಂಡ ತಕ್ಷಣ ಹಲವು ಬ್ಯಾಕ್ಟೀರಿಯಾಗಳಿಗೆ ತಾಗುವ ಔಷಧ ಶುರುಮಾಡಬೇಕೆಂದು ಶಿಂಫ್ 1971ರಲ್ಲಿ ತೋರಿಸಿಕೊಟ್ಟಿದ್ದರು. ಈ ಒಂದು ನಿಯಮ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. 1940ರ ದಶಕದಲ್ಲಿ ಗುಣವಾಗದಿದ್ದ ಮಕ್ಕಳ ಲ್ಯುಕೇಮಿಯ ಇಂದು ಶ್ರೀಮಂತ ದೇಶಗಳಲ್ಲಿ ಶೇಕಡ 90ರಷ್ಟು ಮಕ್ಕಳಲ್ಲಿ ಗುಣವಾಗುತ್ತಿದ್ದರೆ ಅದರಲ್ಲಿ ಆಂಟಿಬಯೋಟಿಕ್‌ನ ಪಾಲು ದೊಡ್ಡದು. ಹಾಗೆಂದೇ ಕರುಳಿನ ಕಾವಲಿನ ಮಾತು ಸುಮಾರು 30 ವರ್ಷ ಹಿಂದೆ ಸರಿಯಿತು. ಗಾಳಿಗೆ ಸಾಯುವ ಬ್ಯಾಕ್ಟೀರಿಯಾಗಳನ್ನು ತಟ್ಟೆಯಲ್ಲಿ ಬೆಳೆಸಿ ಗುರುತಿಸುವುದು ಕಷ್ಟವಾದದ್ದೂ ಒಂದು ಕಾರಣ.

ಬ್ಯಾಕ್ಟೀರಿಯಾಗಳನ್ನು ಬೆಳೆಸದೆಯೇ, ಮಲದ ಮಾದರಿಯಲ್ಲಿರುವ ಡಿಎನ್‌ಎಯನ್ನು ಓದಿ ಯಾರು ಯಾರು ಇದ್ದಾರೆಂದು ಹೇಳುವ ವಿಧಾನ 2000ದ ನಂತರ ಅಗ್ಗವಾಯಿತು. ಆಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಮಜ್ಜೆ ಕಸಿ ಮಾಡಿಸಿಕೊಂಡ ವಯಸ್ಕ ರೋಗಿಗಳನ್ನು ನೋಡಿ 2012ರಲ್ಲಿ ಹೇಳಿದ್ದು: ಕರುಳಿನಲ್ಲಿ ಎಂಟೆರೊಕಾಕಸ್ ಎಂಬ ಒಂದೇ ಜಾತಿ ಮೇಲುಗೈ ಪಡೆದವರಲ್ಲಿ, ವ್ಯಾಂಕೊಮೈಸಿನ್‌ಗೆ ಜಗ್ಗದ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವ ಅಪಾಯ 9 ಪಟ್ಟು ಹೆಚ್ಚು. ಮೊದಲು ಕರುಳಿನಲ್ಲಿ ಏಕಸ್ವಾಮ್ಯ, ಆಮೇಲೆ ರಕ್ತಕ್ಕೆ ದಾಳಿ.

ಮಕ್ಕಳ ಬಗ್ಗೆ ವಿವರವಾದ ಉತ್ತರ ಬಂದದ್ದು ಮತ್ತೆ ಮೆಂಫಿಸ್‌ನಿಂದ, 2018ರಲ್ಲಿ. ಆಗತಾನೆ ಲ್ಯುಕೇಮಿಯ ಪತ್ತೆಯಾದ 199 ಮಕ್ಕಳ ಮಲದ ಮಾದರಿಗಳನ್ನು ಕೀಮೋಥೆರಪಿಗೆ ಮೊದಲೂ ನಂತರವೂ ಪರಿಶೀಲಿಸಲಾಗಿತ್ತು. ಚಿಕಿತ್ಸೆ ಮುಂದುವರಿದಂತೆ ನೆಲೆಸಿದವರ ಸಂಖ್ಯೆ ಇಳಿದು ಎಂಟೆರೊಕಾಕಸ್, ಸ್ಟ್ರೆಪ್ಟೊಕಾಕಸ್ ಕುಟುಂಬದವು ಏರಿದವು. ಎಂಟೆರೊಕಾಕಸ್ ಕುಟುಂಬ ಶೇಕಡ 30 ದಾಟಿದ ಮಕ್ಕಳಲ್ಲಿ ಮುಂದಿನ ಹಂತದ ಚಿಕಿತ್ಸೆಯ ವೇಳೆ ಜ್ವರವೂ ಭೇದಿಯೂ ಹೆಚ್ಚು ಕಂಡವು. ಇನ್ನೂ ಗಮನ ಸೆಳೆಯುವ ಸಂಗತಿ ಎಂದರೆ, ಮೊದಲ ಹನಿ ಕೀಮೋಥೆರಪಿ ಮೈಗೆ ಇಳಿಯುವ ಮುನ್ನವೇ ತೆಗೆದ ಮಾದರಿಯೂ ಮುಂದಿನ ಜ್ವರದ ಸೂಚನೆ ಕೊಡುತ್ತಿತ್ತು. ಇ. ಕೋಲಿ, ಕ್ಲೆಬ್ಸಿಯೆಲ್ಲಗಳು ಸೇರಿದ ದೊಡ್ಡ ಬಳಗವೊಂದು ಸ್ವಲ್ಪ ಹೆಚ್ಚಿದ್ದರೂ ಅಪಾಯ ಹೆಚ್ಚುತ್ತಿತ್ತು.

ಹಾಗಾದರೆ ಮುಂಚಿತವಾಗಿಯೇ ಆಂಟಿಬಯೋಟಿಕ್ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದ್ದಾರೆ. ಲ್ಯುಕೇಮಿಯದ 195 ಮಕ್ಕಳಲ್ಲಿ ಲೆವೊಫ್ಲಾಕ್ಸಸಿನ್ ಪ್ರಯೋಗ ನಡೆದು ಅದರ ವರದಿಯೂ 2018ರಲ್ಲೇ ಬಂತು. ಔಷಧ ಪಡೆಯದವರಲ್ಲಿ ಶೇಕಡ 43ರಷ್ಟು ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ಕಂಡರೆ, ಪಡೆದವರಲ್ಲಿ ಅದು ಶೇಕಡ 22. ಸಣ್ಣ ಲಾಭವಲ್ಲ. ಇದು ಕೂಡ ಕರುಳಿನ ಬಹುಮತದವರನ್ನು ಹೆಚ್ಚಾಗಿ ಕೊಲ್ಲದ ಮದ್ದು. ಆದರೆ ಮಗುವಿನ ಕರುಳಿನಲ್ಲಿರುವ ಇ. ಕೋಲಿ ಆ ಔಷಧಕ್ಕೆ ಇನ್ನೂ ಬಗ್ಗುತ್ತಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ.

ಭಾರತದ ತೊಡಕು ಇರುವುದು ಇಲ್ಲೇ. ಮುಂಬಯಿಯ ಟಾಟಾ ಆಸ್ಪತ್ರೆ, ದೆಹಲಿಯ ಏಮ್ಸ್, ಚೆನ್ನೈಯ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಸೇರಿ ಅಮೆರಿಕದ ಕ್ಯಾನ್ಸರ್ ಸಂಸ್ಥೆಯ ಸಹಯೋಗದಲ್ಲಿ 1980ರ ದಶಕದಲ್ಲಿ ಮಕ್ಕಳ ಲ್ಯುಕೇಮಿಯಕ್ಕೆ ಒಂದೇ ಚಿಕಿತ್ಸಾ ಕ್ರಮ ಜಾರಿಗೆ ತಂದ ಮೇಲೆ ಬದುಕುಳಿಯುವ ಮಕ್ಕಳ ಪ್ರಮಾಣ ಬಹಳ ಸುಧಾರಿಸಿತು. ಆದರೆ ಚಿಕಿತ್ಸೆಯ ನಡುವೆ ಸೋಂಕಿನಿಂದ ಸಾಯುವ ಮಕ್ಕಳು ಪಾಶ್ಚಾತ್ಯ ದೇಶಗಳಿಗಿಂತ ಇಲ್ಲಿ ಹೆಚ್ಚು. ಇಲ್ಲಿಯ ಮಕ್ಕಳ ರಕ್ತದಲ್ಲಿ ಸಿಗುವುದು ಹೆಚ್ಚಾಗಿ ಇ. ಕೋಲಿ, ಕ್ಲೆಬ್ಸಿಯೆಲ್ಲಗಳಂಥ ಕರುಳಿನ ಬ್ಯಾಕ್ಟೀರಿಯಾಗಳೇ. ಅವುಗಳಲ್ಲಿ ಬಹಳಷ್ಟು ಲೆವೊಫ್ಲಾಕ್ಸಸಿನ್ ಬಗೆಯ ಔಷಧಕ್ಕೆ ಈಗಾಗಲೇ ಜಗ್ಗುವುದಿಲ್ಲ. ಕೊನೆಯ ಅಸ್ತ್ರವಾದ ಮೆರೊಪೆನೆಮ್‌ಗೂ ಜಗ್ಗದವು ಇವೆ. ವೈದ್ಯರ ಚೀಟಿಯಿಲ್ಲದೆ ನೆಗಡಿಗೂ ಆಂಟಿಬಯೋಟಿಕ್ ಮಾರುವ ಊರಿನಲ್ಲಿ, ಕ್ಯಾನ್ಸರ್ ಬರುವ ಮೊದಲೇ ಮಗುವಿನ ಕರುಳಿನ ಕಾವಲು ಅರ್ಧ ಸೋತಿರುತ್ತದೆ.

ಮನೆಯವರ ಪ್ರಶ್ನೆಗಳು ಬೇರೆ. ಏನು ತಿನ್ನಿಸಬೇಕು? ಹಸಿ ತರಕಾರಿ, ಹಣ್ಣು ಯಾವುದೂ ಬೇಡವೆಂಬ ಕಟ್ಟುನಿಟ್ಟಿನ ಪಥ್ಯ ಪ್ಲಾಸ್ಟಿಕ್ ಡೇರೆಯ ಕಾಲದ ಪಳೆಯುಳಿಕೆ. ಕ್ಯಾನ್ಸರಿನ 150 ಮಕ್ಕಳಲ್ಲಿ ಅದನ್ನೂ, ತೊಳೆದು ಬೇಯಿಸಿ ಶುಚಿಯಾಗಿ ಉಣ್ಣುವ ಮಾಮೂಲಿ ಕ್ರಮವನ್ನೂ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2018ರಲ್ಲಿ ಹೊರಬಂತು. ಸೋಂಕಿನ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಒಳ್ಳೆಯ ಬ್ಯಾಕ್ಟೀರಿಯಾ ಎಂದು ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲುಗಳನ್ನು ಕೊಡೋಣವೇ ಎಂದರೆ, ಬಿಳಿ ಕಣ ಇಳಿದಿರುವ ರೋಗಿಯಲ್ಲಿ ಅವೇ ರಕ್ತಕ್ಕೆ ಇಳಿದು ಸೋಂಕು ತಂದ ಉದಾಹರಣೆಗಳಿವೆ. ಮೊಸರಿನ ಮಾತೂ ಅಷ್ಟೆ. ಎಣಿಕೆ ಎಷ್ಟಿದೆ ಎಂದು ನೋಡಿ ಹೇಳಬೇಕಾದವರು ಚಿಕಿತ್ಸೆ ಕೊಡುತ್ತಿರುವ ವೈದ್ಯರೇ.

ಕಳೆದುಕೊಂಡ ಕಾವಲನ್ನು ಮರಳಿ ತರುವ ಇನ್ನೊಂದು ದಾರಿ, ಕೇಳಲು ಅಸಹ್ಯವೆನಿಸಿದರೂ, ಮಲದ ಕಸಿ. ನ್ಯೂಯಾರ್ಕಿನ ಅದೇ ಆಸ್ಪತ್ರೆಯಲ್ಲಿ ರೋಗಿಯ ಮಲವನ್ನು ಚಿಕಿತ್ಸೆಗೆ ಮೊದಲೇ ತೆಗೆದು ಹೆಪ್ಪುಗಟ್ಟಿಸಿ ಇಟ್ಟು, ಬಿಳಿ ಕಣಗಳು ಮತ್ತೆ ಏರಿದ ಮೇಲೆ ಅವರದನ್ನು ಅವರಿಗೇ ಮರಳಿಸಿದರು. ಆ ಪ್ರಯೋಗದ 25 ವಯಸ್ಕ ರೋಗಿಗಳಲ್ಲಿ 14 ಮಂದಿಗೆ ಹೀಗೆ ಮಾಡಲಾಯಿತು. ಅವರ ಕರುಳಿನ ವೈವಿಧ್ಯ ಬಹುಮಟ್ಟಿಗೆ ಹಿಂದಿನಂತಾಯಿತು ಎಂದು 2018ರಲ್ಲಿ ವರದಿಯಾಯಿತು. ಬೇರೆಯವರ ಮಲ ಬಳಸುವಾಗಿನ ಅಪಾಯ ಮರುವರ್ಷವೇ ಗೊತ್ತಾಯಿತು. 2019ರಲ್ಲಿ ಅಮೆರಿಕದಲ್ಲಿ ಒಬ್ಬರೇ ದಾನಿಯ ಮಲದಿಂದ ಔಷಧಕ್ಕೆ ಜಗ್ಗದ ಇ. ಕೋಲಿ ಇಬ್ಬರಿಗೆ ತಗಲಿ, ಒಬ್ಬರು ಸತ್ತರು. ಸತ್ತವರು ಮಜ್ಜೆ ಸಂಬಂಧದ ಕಾಯಿಲೆಗೆ ಕಸಿ ಮಾಡಿಸಿಕೊಂಡಿದ್ದವರು.

ಮಕ್ಕಳ ವಾರ್ಡುಗಳಲ್ಲಿ ಇವೆಲ್ಲ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಕ್ತದ ಮಾದರಿ ತೆಗೆದು ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹನಿಸುವ ನಿಯಮ ಸಡಿಲವಾಗಿಲ್ಲ, ಆಗುವಂತೆಯೂ ಇಲ್ಲ. ಬದಲಾಗಿರುವುದು ಆ ಹನಿಯನ್ನು ಯಾವಾಗ ನಿಲ್ಲಿಸಬೇಕೆಂಬುದು. ಮೊದಲೆಲ್ಲ ಬಿಳಿ ಕಣಗಳು ಪೂರ್ತಿ ಏರುವವರೆಗೆ, ವಾರವೋ ಎರಡು ವಾರವೋ, ಮುಂದುವರಿಸುತ್ತಿದ್ದರು. ಮಗುವಿನ ಜ್ವರ ಇಳಿದು ಒಂದು ದಿನ ಕಳೆದಿದ್ದರೆ, ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ, ಮಜ್ಜೆ ಚೇತರಿಸುವ ಸುಳಿವು ಕಂಡರೆ 48 ಗಂಟೆಗೆ ನಿಲ್ಲಿಸಬಹುದೆಂದು ಮಕ್ಕಳ ಕ್ಯಾನ್ಸರ್ ತಜ್ಞರ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ಅಪಾಯ ಕಡಿಮೆ ಇರುವ ಮಕ್ಕಳಲ್ಲಿ, ಮಜ್ಜೆ ಇನ್ನೂ ಚೇತರಿಸದಿದ್ದರೂ, 72 ಗಂಟೆಗೆ ನಿಲ್ಲಿಸಬಹುದೆಂದು 2017ರ ಆ ಮಾರ್ಗಸೂಚಿಯಲ್ಲಿತ್ತು.